ಅಂಚುಕಲ್ಲಿನಿಂದ ಅಂಚುಕಲ್ಲಿಗೆ: ವಿಕಲಚೇತನರಿಗೂ ಸುಗಮವಾದ ಪಾದಚಾರಿ ಮಾರ್ಗವನ್ನು ರೂಪಿಸುವ ಬಗೆ

ಒಂದು ಕಿಲೋಮೀಟರ್ ಉದ್ದದ ಪಾದಚಾರಿ ಮಾರ್ಗವನ್ನು ಅಗಲವಾಗಿ, ನಯವಾಗಿ ಕಟ್ಟಿ, ಕೊನೆಯ ತಿರುವಿನಲ್ಲಿ ಮಾತ್ರ 150 ಮಿ.ಮೀ. ಎತ್ತರದ ಅಂಚುಕಲ್ಲನ್ನು ಹಾಗೆಯೇ ಬಿಟ್ಟರೆ, ಗಾಲಿಕುರ್ಚಿಯಲ್ಲಿ ಅಲ್ಲಿಯವರೆಗೆ ಬಂದವರು ಅಷ್ಟೂ ದೂರವನ್ನು ಹಿಂದಿರುಗಿ ಕ್ರಮಿಸಬೇಕಾಗುತ್ತದೆ, ಇಲ್ಲವೇ ಯಾವುದಾದರೂ ಕಟ್ಟಡದ ಗೇಟಿನ ಇಳಿಜಾರಿನಲ್ಲಿ ರಸ್ತೆಗಿಳಿದು ವಾಹನಗಳ ನಡುವೆ ಸಾಗಬೇಕಾಗುತ್ತದೆ. ಹಣವೆಲ್ಲ ಮಾರ್ಗದ ಉದ್ದಕ್ಕೆ ಸಂದಿರುತ್ತದೆ. ಕೆಟ್ಟಿರುವುದು ಒಂದೇ ಒಂದು ಸಂದು. ಆದ್ದರಿಂದ ಬೀದಿಯ ವಿನ್ಯಾಸವನ್ನು ಈ ಸಂದುಗಳಿಂದಲೇ, ಅಂದರೆ ಮಾರ್ಗವು ರಸ್ತೆಯನ್ನು, ಗೇಟನ್ನು, ಬಸ್ ನಿಲ್ದಾಣವನ್ನು, ಚರಂಡಿಯ ಮುಚ್ಚಳವನ್ನು ಕೂಡುವ ಜಾಗಗಳಿಂದಲೇ ಆರಂಭಿಸಬೇಕು ಎಂಬುದು ಈ ಲೇಖನದ ನಿಲುವು. ನಡುವಿನ ನೇರ ಭಾಗ ತಾನಾಗಿ ಕೂಡಿಬರುತ್ತದೆ.

ಇಲ್ಲಿ ಕೊಟ್ಟಿರುವ ಅಳತೆಗಳು ಹಲವು ದೇಶಗಳ ಮಾನದಂಡಗಳಲ್ಲಿ ಸ್ವಲ್ಪ ವ್ಯತ್ಯಾಸದೊಂದಿಗೆ ಬಳಕೆಯಲ್ಲಿವೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯು ರಸ್ತೆಗಳನ್ನೂ ಸಾರಿಗೆಯನ್ನೂ ಎಲ್ಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಸ್ಪರ್ಶಪಟ್ಟಿಗಳಿಗಾಗಿ, ಅಂದರೆ ಅಂಧರು ಕಾಲಿನಿಂದಲೂ ಕೋಲಿನಿಂದಲೂ ಗುರುತಿಸುವ ಉಬ್ಬುಗಳುಳ್ಳ ನೆಲಹಾಸಿಗಾಗಿ, ಐಎಸ್ಒ 23599 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ವಿಕಲಚೇತನರಿಗೆ ಸುಗಮವಾದ ವಿನ್ಯಾಸದ ಮಾರ್ಗಸೂಚಿಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಆಕ್ಸೆಸ್ ಬೋರ್ಡ್ ಸಾರ್ವಜನಿಕ ಪಾದಚಾರಿ ಮಾರ್ಗಗಳ ಅಂತಿಮ ಮಾರ್ಗಸೂಚಿಯನ್ನು 2023ರಲ್ಲಿ ಪ್ರಕಟಿಸಿತು. ನಿಮ್ಮ ಆಡಳಿತದ ನಿಯಮ ಇಲ್ಲಿಯ ಅಳತೆಗಿಂತ ಕಟ್ಟುನಿಟ್ಟಾಗಿದ್ದರೆ ಅದನ್ನೇ ಪಾಲಿಸಬೇಕು. ಇನ್ನೊಂದು ಎಚ್ಚರಿಕೆಯನ್ನೂ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು: ಮಾನದಂಡದಲ್ಲಿರುವ ಗರಿಷ್ಠ, ಕನಿಷ್ಠ ಎಂಬ ಅಂಕಿಗಳು ದಾಟಬಾರದ ಗೆರೆಗಳು. ನಕ್ಷೆಯಲ್ಲೇ ಆ ಗೆರೆಯ ಮೇಲೆ ನಿಂತರೆ, ಕಾಂಕ್ರೀಟ್ ಸುರಿಯುವಾಗ ಆಗುವ ಸಣ್ಣ ಹೆಚ್ಚುಕಡಿಮೆಯೇ ಕೆಲಸವನ್ನು ಗೆರೆಯ ಆಚೆಗೆ ತಳ್ಳುತ್ತದೆ.

ಹೆಜ್ಜೆ 1: ಯಾರು ಹೇಗೆ ನಡೆಯುತ್ತಾರೆ ಎಂಬುದನ್ನು ಅರಿಯಿರಿ

ವಿಕಲಚೇತನರು ಎಂದ ಕೂಡಲೇ ಗಾಲಿಕುರ್ಚಿಯ ಚಿತ್ರವೊಂದೇ ಮನಸ್ಸಿಗೆ ಬರುವುದರಿಂದ ವಿನ್ಯಾಸಗಳು ಇಳಿಜಾರು ಕಟ್ಟುವಲ್ಲಿಗೆ ನಿಂತುಬಿಡುತ್ತವೆ. ಕೈಯಿಂದ ತಳ್ಳುವ ಗಾಲಿಕುರ್ಚಿಯವರಿಗೆ ಕಡಿದಾದ ಏರು, ಪಕ್ಕಕ್ಕೆ ವಾಲಿದ ನೆಲ ಮತ್ತು ಸಣ್ಣ ಮುಂಗಾಲಿಗಳು ಸಿಕ್ಕಿಕೊಳ್ಳುವ ಸೀಳುಗಳು ತೊಡಕು. ಊರುಗೋಲಿನಲ್ಲಿ ನಡೆಯುವವರಿಗೆ ಜಾರುವ ನೆಲ ಮತ್ತು ಕೂತು ದಣಿವಾರಿಸಿಕೊಳ್ಳಲು ಜಾಗವಿಲ್ಲದ ದೂರ ತೊಡಕು. ಬಿಳಿ ಕೋಲಿನವರು ನೆಲದ ಅಂಚು, ಗೋಡೆ, ಸದ್ದು, ನೆಲದ ಒರಟುತನಗಳಿಂದ ದಾರಿಯನ್ನು ಓದುತ್ತಾರೆ. ಆದ್ದರಿಂದ ಅವರಿಗೆ ಅಂಚೇ ಇಲ್ಲದ ಬಯಲು ಮತ್ತು ಕೋಲಿಗೆ ತಾಗದೆ ಎದೆಗೋ ಹಣೆಗೋ ತಾಗುವ ವಸ್ತು ಅಪಾಯ. ಮಂದದೃಷ್ಟಿಯವರ ಸಂಖ್ಯೆ ಪೂರ್ಣ ಅಂಧರಿಗಿಂತ ಬಹಳ ಹೆಚ್ಚು, ಅವರಿಗೆ ಬೇಕಾದದ್ದು ಬಣ್ಣದ ಎದ್ದುಕಾಣುವ ವ್ಯತ್ಯಾಸ ಮತ್ತು ಸಮನಾದ ಬೆಳಕು. ಕಿವುಡರು ಹಿಂದಿನಿಂದ ಬರುವ ಸೈಕಲ್ಲನ್ನು ಕೇಳಲಾರರು. ಸಂಕೇತ ಭಾಷೆಯಲ್ಲಿ ಮಾತನಾಡುತ್ತಾ ನಡೆಯುವ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕಾದ್ದರಿಂದ ಅವರಿಗೆ ಇತರರಿಗಿಂತ ಹೆಚ್ಚು ಅಗಲವೂ, ಹಠಾತ್ತಾಗಿ ಎದುರಾಗುವ ಕಂಬಗಳಿಲ್ಲದ ದಾರಿಯೂ ಬೇಕು. ಬೌದ್ಧಿಕ ವೈಕಲ್ಯವುಳ್ಳವರಿಗೆ ಬೇಕಾದದ್ದು ಊಹೆಗೆ ನಿಲುಕುವ ಏಕರೂಪತೆ, ಅಂದರೆ ಒಂದು ತಿರುವಿನಲ್ಲಿ ದಾಟುವ ಕ್ರಮ ಹೇಗಿದೆಯೋ ಮುಂದಿನದರಲ್ಲೂ ಹಾಗೆಯೇ ಇರುವುದು.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಬಿಕ್ಕಟ್ಟು ಕಾಣುತ್ತದೆ. ಗಾಲಿಕುರ್ಚಿಗೆ ಅಂಚೇ ಇರಬಾರದು, ಬಿಳಿ ಕೋಲಿಗೆ ಅಂಚು ಇರಲೇಬೇಕು. ಈ ಕ್ಷೇತ್ರದ ಅರ್ಧ ಕಷ್ಟ ಇರುವುದು ಇಲ್ಲಿ, ಮತ್ತು ಮುಂದಿನ ಹೆಜ್ಜೆಗಳಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಹೆಜ್ಜೆ 2: ನಕ್ಷೆ ಬರೆಯುವ ಮುನ್ನ ನಡೆದು ಅಳೆಯಿರಿ

ಸಮೀಕ್ಷೆಗೆ ದುಬಾರಿ ಉಪಕರಣಗಳು ಬೇಕಿಲ್ಲ. ಅಳತೆ ಟೇಪು, 600 ಮಿ.ಮೀ. ಉದ್ದದ ಸ್ಪಿರಿಟ್ ಲೆವೆಲ್ (ಗಾಳಿಗುಳ್ಳೆಯಿಂದ ಮಟ್ಟವನ್ನು ತೋರಿಸುವ ಪಟ್ಟಿ), ಸ್ಟಾಪ್‌ವಾಚ್, ಸೀಮೆಸುಣ್ಣ ಮತ್ತು ಮೊಬೈಲ್ ಕ್ಯಾಮೆರಾ ಸಾಕು. ಇಳಿಜಾರನ್ನು ಅಳೆಯಲು ಒಂದು ಸರಳ ಉಪಾಯವಿದೆ. ಲೆವೆಲ್ಲನ್ನು ಇಳಿಜಾರಿನ ಮೇಲಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಅದರ ಕೆಳತುದಿಯನ್ನು ಎತ್ತಿ, ತುದಿಗೂ ನೆಲಕ್ಕೂ ನಡುವಿನ ಅಂತರವನ್ನು ಅಳೆಯಬೇಕು. ಆ ಅಂತರ 50 ಮಿ.ಮೀ. ಇದ್ದರೆ ಇಳಿಜಾರು 12ಕ್ಕೆ 1 (ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರಿಕೆ), 30 ಮಿ.ಮೀ. ಇದ್ದರೆ 20ಕ್ಕೆ 1, 12 ಮಿ.ಮೀ. ಇದ್ದರೆ 50ಕ್ಕೆ 1. ಈ ಮೂರು ಅಳತೆಯ ಮೂರು ಮರದ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡರೆ ಲೆಕ್ಕ ಹಾಕುವ ಗೊಡವೆಯೂ ಇಲ್ಲ.

ಪ್ರತಿ ಬೀದಿಯಲ್ಲೂ ನಾಲ್ಕು ಸಂಗತಿಗಳನ್ನು ದಾಖಲಿಸಿ: ಅಡೆತಡೆಗಳನ್ನು ಕಳೆದ ಮೇಲೆ ನಡೆಯಲು ಉಳಿಯುವ ನಿಜವಾದ ಅಗಲ, ಅಡ್ಡ ಇಳಿಜಾರು, ಮಟ್ಟ ಹಠಾತ್ತಾಗಿ ಬದಲಾಗುವ ಜಾಗಗಳು, ಮತ್ತು ತಲೆಯ ಎತ್ತರದವರೆಗೆ ಚಾಚಿಕೊಂಡಿರುವ ವಸ್ತುಗಳು. ಸಾಧ್ಯವಾದರೆ ರಾತ್ರಿಯಲ್ಲೊಮ್ಮೆ, ಮಳೆಯಲ್ಲೊಮ್ಮೆ, ಬೀದಿ ಅತಿ ಗಿಜಿಗುಡುವ ಹೊತ್ತಿನಲ್ಲೊಮ್ಮೆ ಹೋಗಿ ನೋಡಬೇಕು, ಏಕೆಂದರೆ ಬೆಳಗ್ಗೆ ಎರಡು ಮೀಟರ್ ಅಗಲವಿದ್ದ ಮಾರ್ಗ ಸಂಜೆ ನಿಲ್ಲಿಸಿದ ದ್ವಿಚಕ್ರ ವಾಹನಗಳಿಂದ ಅರ್ಧ ಮೀಟರಿಗೆ ಇಳಿದಿರಬಹುದು.

ಈ ನಡಿಗೆಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರೂ ಬಿಳಿ ಕೋಲು ಬಳಸುವ ಒಬ್ಬರೂ ಇರಲೇಬೇಕು, ಮತ್ತು ಅವರ ಸಮಯಕ್ಕೆ ಇತರ ತಜ್ಞರಿಗೆ ಕೊಡುವಂತೆಯೇ ಸಂಭಾವನೆ ಕೊಡಬೇಕು. ಎಂಜಿನಿಯರುಗಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ತರಬೇತಿಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಹಾಗೆ ನಡೆದವರಿಗೆ ದಕ್ಕುವುದು ಕತ್ತಲೆಯ ಭಯ ಮಾತ್ರ. ವರ್ಷಗಟ್ಟಲೆ ಕೋಲು ಹಿಡಿದು ನಡೆದವರು ಗೋಡೆಯ ಪ್ರತಿಧ್ವನಿ ಕೊನೆಗೊಂಡದ್ದರಿಂದಲೇ ಅಡ್ಡರಸ್ತೆ ಬಂತೆಂದು ಅರಿಯುವ ಬಗೆ ಅವರಿಗೆ ತಿಳಿಯುವುದಿಲ್ಲ.

ಹೆಜ್ಜೆ 3: ನಡೆಯುವ ಪಟ್ಟಿಯನ್ನು ಬೇರ್ಪಡಿಸಿ

ಪಾದಚಾರಿ ಮಾರ್ಗವನ್ನು ಅಡ್ಡಲಾಗಿ ಮೂರು ಪಟ್ಟಿಗಳಾಗಿ ಭಾಗಿಸಿಕೊಳ್ಳುವುದು ಒಳ್ಳೆಯ ರೂಢಿ. ರಸ್ತೆಯ ಕಡೆಗೆ ಕಂಬ, ಮರ, ಕಸದ ತೊಟ್ಟಿ, ಫಲಕಗಳ ಪಟ್ಟಿ. ಕಟ್ಟಡದ ಕಡೆಗೆ ಬಾಗಿಲು ತೆರೆಯಲು, ಮೆಟ್ಟಿಲಿಳಿಯಲು ಬೇಕಾದ ಪಟ್ಟಿ. ಇವೆರಡರ ನಡುವೆ ಏನೂ ಇರದ, ನೇರವಾಗಿ ಸಾಗುವ ನಡಿಗೆಯ ಪಟ್ಟಿ. ಜಾಗ ಸಾಲದಿದ್ದಾಗ ಮೊದಲೆರಡನ್ನು ಕುಗ್ಗಿಸಬೇಕೇ ಹೊರತು ನಡುವಿನದನ್ನು ಮುಟ್ಟಬಾರದು.

ನಡಿಗೆಯ ಪಟ್ಟಿಯ ಅಗಲ ಎಷ್ಟಿರಬೇಕು? ಗಾಲಿಕುರ್ಚಿಯ ಅಗಲ ಸಾಮಾನ್ಯವಾಗಿ 700 ಮಿ.ಮೀ. ಒಳಗಿರುತ್ತದೆ, ಎರಡು ಊರುಗೋಲಿನವರಿಗೆ ಸುಮಾರು 900 ಮಿ.ಮೀ. ಬೇಕು, ಮಾರ್ಗದರ್ಶಿ ನಾಯಿಯೊಂದಿಗೆ ನಡೆಯುವವರಿಗೆ 1.1 ಮೀಟರ್. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸುಲಭವಾಗಿ ಹಾದುಹೋಗಲು 1.8ರಿಂದ 2 ಮೀಟರ್ ಬೇಕಾಗುತ್ತದೆ. ಹಾಗಾಗಿ 1.8 ಮೀಟರನ್ನು ಆಧಾರವಾಗಿ ಇಟ್ಟುಕೊಳ್ಳಿ. ಅದು ಸಾಧ್ಯವೇ ಆಗದ ಕಡೆ 1.2 ಮೀಟರಿಗೆ ಇಳಿಯಬಹುದು, ಆದರೆ ಅಂಥ ಕಡೆ ಸುಮಾರು 60 ಮೀಟರಿಗೊಮ್ಮೆಯಾದರೂ 1.5 ಮೀಟರ್ ಚೌಕದ, ಒಬ್ಬರು ಇನ್ನೊಬ್ಬರಿಗೆ ದಾರಿ ಬಿಡುವ ಮತ್ತು ಕುರ್ಚಿಯನ್ನು ತಿರುಗಿಸಿಕೊಳ್ಳುವ ಜಾಗ ಇರಬೇಕು.

ಅಗಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದು ಅಡ್ಡ ಇಳಿಜಾರು. ಮಳೆನೀರು ಹರಿದುಹೋಗಲು ಮಾರ್ಗ ರಸ್ತೆಯ ಕಡೆಗೆ ಸ್ವಲ್ಪ ವಾಲಿರಬೇಕಾದದ್ದು ನಿಜ, ಆದರೆ ಅದು ಸುಮಾರು ಶೇ. 2ನ್ನು ಮೀರಿದರೆ ಗಾಲಿಕುರ್ಚಿ ತಾನಾಗಿ ರಸ್ತೆಯ ಕಡೆಗೆ ತಿರುಗತೊಡಗುತ್ತದೆ. ಕುಳಿತವರು ಒಂದು ಕೈಯಿಂದ ಗಾಲಿಯನ್ನು ತಡೆಹಿಡಿಯುತ್ತಾ ಇನ್ನೊಂದು ಕೈಯಿಂದ ತಳ್ಳುತ್ತಾ ಸಾಗಬೇಕಾಗುತ್ತದೆ. ಇದು ಅತಿ ಹೆಚ್ಚಾಗಿ ಕಾಣುವುದು ಕಟ್ಟಡಗಳಿಗೆ ವಾಹನ ಒಳಹೋಗುವ ಗೇಟುಗಳ ಮುಂದೆ. ಅಲ್ಲಿ ಕಾರು ಹತ್ತಲೆಂದು ಇಡೀ ಮಾರ್ಗವನ್ನೇ ಓರೆಯಾಗಿಸಿ, ನಡೆಯುವವರು ಪ್ರತಿ ಗೇಟಿನ ಬಳಿಯೂ ಹತ್ತಿಳಿಯುವಂತೆ ಮಾಡಲಾಗುತ್ತದೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧವಾದದ್ದು: ನಡಿಗೆಯ ಪಟ್ಟಿ ತನ್ನ ಮಟ್ಟದಲ್ಲೇ ನೇರವಾಗಿ ಸಾಗಬೇಕು, ಕಾರು ಹತ್ತುವ ಇಳಿಜಾರು ಕಂಬ-ಮರಗಳ ಪಟ್ಟಿಯ ಅಗಲದೊಳಗೇ ಮುಗಿಯಬೇಕು. ಎಂಜಿನ್ ಇರುವ ವಾಹನ ಸ್ವಲ್ಪ ಕಡಿದಾದ ಏರನ್ನು ಹತ್ತಲಿ, ತೋಳಿನ ಬಲದಿಂದ ಸಾಗುವವರು ಹತ್ತುವುದು ಬೇಡ.

ನೆಲದ ಮೇಲ್ಮೈ ಗಟ್ಟಿಯಾಗಿ, ಒದ್ದೆಯಾದಾಗಲೂ ಜಾರದಂತೆ ಇರಬೇಕು. ಎರಡು ಕಲ್ಲುಗಳ ನಡುವಿನ ಮಟ್ಟದ ವ್ಯತ್ಯಾಸ 6 ಮಿ.ಮೀ. ಒಳಗಿದ್ದರೆ ಪರವಾಗಿಲ್ಲ, 6ರಿಂದ 13 ಮಿ.ಮೀ.ವರೆಗಿನದನ್ನು ಓರೆಯಾಗಿ ಉಜ್ಜಿ ಸರಿಪಡಿಸಬೇಕು. ಅದಕ್ಕೂ ಮೀರಿದರೆ ಅಲ್ಲೊಂದು ಪುಟ್ಟ ಇಳಿಜಾರನ್ನೇ ಕಟ್ಟಬೇಕು. ಚರಂಡಿಯ ಜಾಲರಿಯ ಕಂಡಿಗಳು 13 ಮಿ.ಮೀ.ಗಿಂತ ಅಗಲವಾಗಿರಬಾರದು, ಉದ್ದನೆಯ ಕಂಡಿಗಳಾಗಿದ್ದರೆ ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಇಷ್ಟಾಗಿಯೂ ಜಾಲರಿಯನ್ನು ನಡಿಗೆಯ ಪಟ್ಟಿಯಿಂದ ಆಚೆಗೆ ಸರಿಸುವುದೇ ಮೇಲು.

ಹೆಜ್ಜೆ 4: ತಿರುವಿನ ಮೂಲೆಯಲ್ಲಿ ಇಳಿಜಾರು

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿ 1945ರಲ್ಲಿ, ಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರ ಅನುಕೂಲಕ್ಕೆಂದು ಅಂಚುಕಲ್ಲುಗಳನ್ನು ಇಳಿಜಾರಾಗಿಸುವ ಪ್ರಯೋಗ ನಡೆಯಿತು. ಆಮೇಲೆ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತಾದರೂ ಇಂದಿಗೂ ಅತಿ ಹೆಚ್ಚು ತಪ್ಪುಗಳು ನಡೆಯುವುದು ಈ ಒಂದೂವರೆ-ಎರಡು ಮೀಟರ್ ಜಾಗದಲ್ಲೇ. ಆದ್ದರಿಂದ ಲೆಕ್ಕವನ್ನು ಬಿಡಿಸಿ ನೋಡೋಣ.

ಅಂಚುಕಲ್ಲು 150 ಮಿ.ಮೀ. ಎತ್ತರವಿದ್ದು ನೆಲ ಸಮತಟ್ಟಾಗಿದ್ದರೆ, ಗರಿಷ್ಠ ಮಿತಿಯಾದ 12ಕ್ಕೆ 1ರ ಇಳಿಜಾರಿಗೆ 1.8 ಮೀಟರ್ ಉದ್ದ ಬೇಕು. ಇಳಿಜಾರಿನ ತಲೆಯಲ್ಲಿ ಕುರ್ಚಿಯನ್ನು ತಿರುಗಿಸಿಕೊಳ್ಳಲು ಕನಿಷ್ಠ 1.2 ಮೀಟರ್ ಚೌಕದ ಸಮತಟ್ಟು ಜಾಗ ಬೇಕು. ಎರಡೂ ಸೇರಿ 3 ಮೀಟರ್ ಆಯಿತು. ಅಂದರೆ ಮಾರ್ಗದ ಅಗಲ 3 ಮೀಟರ್ ಇಲ್ಲದ ಕಡೆ, ರಸ್ತೆಗೆ ನೇರವಾಗಿ ಇಳಿಯುವ ಇಳಿಜಾರನ್ನು ಸರಿಯಾಗಿ ಕಟ್ಟಲು ಸಾಧ್ಯವೇ ಇಲ್ಲ. ಆದರೂ ಹಟಕ್ಕೆ ಬಿದ್ದು ಕಟ್ಟಿದರೆ ಒಂದೋ ಇಳಿಜಾರು ಕಡಿದಾಗುತ್ತದೆ, ಇಲ್ಲವೇ ತಲೆಯಲ್ಲಿ ಸಮತಟ್ಟು ಜಾಗ ಉಳಿಯದೆ ನೇರವಾಗಿ ಮುಂದೆ ಸಾಗುವವರೆಲ್ಲರೂ ಆ ಓರೆಯ ಮೇಲೆಯೇ ಹಾದುಹೋಗಬೇಕಾಗುತ್ತದೆ. ಕಿರಿದಾದ ಮಾರ್ಗಕ್ಕೆ ಬೇರೆ ದಾರಿಯಿದೆ. ಮೂಲೆ ಹತ್ತಿರವಾಗುತ್ತಿದ್ದಂತೆ ಇಡೀ ಮಾರ್ಗವನ್ನೇ, ಅದು ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಇಳಿಸಿ, ಮೂಲೆಯ ಸಮತಟ್ಟು ಜಾಗವು ರಸ್ತೆಯ ಮಟ್ಟದಲ್ಲೇ ಇರುವಂತೆ ಮಾಡಬಹುದು. ಇಲ್ಲವೇ ಮೂಲೆಯಲ್ಲಿ ಮಾರ್ಗವನ್ನೇ ರಸ್ತೆಯೊಳಕ್ಕೆ ಚಾಚಿ ಅಗಲ ಪಡೆಯಬಹುದು. ಇದರಿಂದ ದಾಟಬೇಕಾದ ದೂರವೂ ಕಡಿಮೆಯಾಗುತ್ತದೆ, ಮೂಲೆಯಲ್ಲಿ ವಾಹನ ನಿಲ್ಲಿಸುವುದೂ ತಪ್ಪುತ್ತದೆ. ನಕ್ಷೆಯಲ್ಲಿ ಇಳಿಜಾರನ್ನು ಶೇ. 7ರಿಂದ 7.5ಕ್ಕೆ ಇಟ್ಟುಕೊಂಡರೆ, ಕಟ್ಟಿದ ಮೇಲೆ ಅದು ಶೇ. 8.3ನ್ನು, ಅಂದರೆ 12ಕ್ಕೆ 1ರ ಮಿತಿಯನ್ನು ಮೀರದೆ ಉಳಿಯುವ ಸಂಭವ ಹೆಚ್ಚು.

ಒಂದು ಮೂಲೆಗೆ ಒಂದೇ ಇಳಿಜಾರನ್ನು, ಕೂಡುರಸ್ತೆಯ ನಡುಮಧ್ಯಕ್ಕೆ ಮುಖ ಮಾಡಿ ಕಟ್ಟುವ ಅಭ್ಯಾಸವನ್ನು ಬಿಡಬೇಕು. ಅದು ಕಾಂಕ್ರೀಟನ್ನು ಉಳಿಸುತ್ತದೆ ನಿಜ, ಆದರೆ ಇಳಿಜಾರಿನ ದಿಕ್ಕನ್ನೇ ದಾಟುವ ದಿಕ್ಕೆಂದು ನಂಬುವ ಅಂಧರನ್ನು ವಾಹನಗಳ ನಡುವಿಗೆ ಕರೆದೊಯ್ಯುತ್ತದೆ, ಮತ್ತು ಗಾಲಿಕುರ್ಚಿಯವರು ರಸ್ತೆಗಿಳಿದ ಮೇಲೆ ಅಲ್ಲೇ ದಿಕ್ಕು ಬದಲಿಸಬೇಕಾಗುತ್ತದೆ. ಪ್ರತಿ ಜೀಬ್ರಾ ಪಟ್ಟಿಗೂ ಅದರದೇ ದಿಕ್ಕಿನ ಪ್ರತ್ಯೇಕ ಇಳಿಜಾರು ಇರಬೇಕು, ಎದುರು ಬದಿಯ ಇಳಿಜಾರು ಅದಕ್ಕೆ ನೇರವಾಗಿರಬೇಕು. ಮೂಲೆಯ ಬಾಗು ದೊಡ್ಡದಾದಷ್ಟೂ ಇದು ಕಷ್ಟವಾಗುತ್ತದೆ. ದೊಡ್ಡ ಬಾಗಿನಲ್ಲಿ ವಾಹನಗಳು ವೇಗ ತಗ್ಗಿಸದೆ ತಿರುಗುತ್ತವೆ, ದಾಟುವ ದೂರವೂ ಹಿಗ್ಗುತ್ತದೆ, ಆದ್ದರಿಂದ ಬಾಗನ್ನು ಚಿಕ್ಕದಾಗಿಸುವುದೇ ಇಳಿಜಾರು ಕಟ್ಟುವುದಕ್ಕಿಂತ ಮೊದಲಿನ ಕೆಲಸ.

ಇಳಿಜಾರಿನ ಬುಡ ರಸ್ತೆಯೊಂದಿಗೆ ಪೂರ್ತಿ ಸಮವಾಗಿರಬೇಕು. ನೀರು ತಡೆಯಲೆಂದು ಅಲ್ಲಿ ಒಂದೆರಡು ಬೆರಳಿನಷ್ಟು ಎತ್ತರದ ಅಂಚನ್ನು ಉಳಿಸುವ ಮೇಸ್ತ್ರಿಗಳಿದ್ದಾರೆ. ಇಳಿಯುವ ವೇಗದಲ್ಲಿ ಮುಂಗಾಲಿಗಳು ಆ ಅಂಚಿಗೆ ಬಡಿದರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬುಡದಾಚೆ ರಸ್ತೆಯ ಓರೆ ಎದುರು ದಿಕ್ಕಿಗೆ ಏರುವುದಾದರೆ ಅದು ಶೇ. 5ನ್ನು ಮೀರಬಾರದು, ಇಲ್ಲವಾದರೆ ಪಾದವಿಡುವ ಹಲಗೆ ರಸ್ತೆಗೆ ಕುತ್ತುತ್ತದೆ. ನೀರಿನ ಸಮಸ್ಯೆಗೆ ಪರಿಹಾರ ಬೇರೆ ಕಡೆಯಿದೆ: ನೀರಿಳಿಯುವ ಕಂಡಿಯನ್ನು ಇಳಿಜಾರಿಗಿಂತ ಮೇಲ್ಭಾಗದಲ್ಲಿ, ಅಂದರೆ ನೀರು ಹರಿದುಬರುವ ಕಡೆಯಲ್ಲೇ ಇಟ್ಟರೆ ಇಳಿಜಾರಿನ ಬುಡಕ್ಕೆ ನೀರು ತಲುಪುವುದೇ ಇಲ್ಲ. ಇಳಿಜಾರಿನ ಎರಡೂ ಪಕ್ಕಗಳಲ್ಲಿ ಜನ ಅಡ್ಡಹಾಯುವಂತಿದ್ದರೆ ಪಕ್ಕದ ಓರೆಗಳು 10ಕ್ಕೆ 1ಕ್ಕಿಂತ ಕಡಿದಾಗಬಾರದು.

ಹೆಜ್ಜೆ 5: ಕಳೆದುಹೋದ ಅಂಚನ್ನು ಕಾಲಿಗೆ ಮರಳಿ ಕೊಡಿ

ಇಳಿಜಾರು ಸಿದ್ಧವಾಯಿತು, ಗಾಲಿಕುರ್ಚಿಯ ತೊಡಕು ನೀಗಿತು. ಅದೇ ಕ್ಷಣದಲ್ಲಿ, ಮಾರ್ಗ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರುವಾಯಿತು ಎಂದು ಕೋಲಿಗೆ ಹೇಳುತ್ತಿದ್ದ ಒಂದೇ ಗುರುತೂ ಅಳಿಸಿಹೋಯಿತು. ಈ ಬಿಕ್ಕಟ್ಟಿಗೆ ಉತ್ತರ ಬಂದದ್ದು ಜಪಾನಿನಿಂದ. ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಉಬ್ಬುಗಳುಳ್ಳ ನೆಲಹಾಸಿನ ಕಲ್ಲನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿಯ ರಸ್ತೆದಾಟಿನಲ್ಲಿ ಅದನ್ನು ಮೊದಲ ಬಾರಿಗೆ ಹಾಸಲಾಯಿತು.

ಈ ಸ್ಪರ್ಶಪಟ್ಟಿಗಳ ಭಾಷೆಯಲ್ಲಿ ಎರಡೇ ಪದಗಳಿವೆ. ಸುಮಾರು 5 ಮಿ.ಮೀ. ಎತ್ತರದ ಗುಂಡು ಉಬ್ಬುಗಳೆಂದರೆ ನಿಲ್ಲಿ, ಮುಂದೆ ಅಪಾಯವಿದೆ ಎಂದರ್ಥ. ಉದ್ದನೆಯ ಗೆರೆಯುಬ್ಬುಗಳೆಂದರೆ ಈ ದಿಕ್ಕಿನಲ್ಲಿ ಸಾಗಿ ಎಂದರ್ಥ. ಎರಡನ್ನೂ ಅಲಂಕಾರಕ್ಕೆಂದು ಬೆರೆಸಿ ಹಾಸಿದ ಬೀದಿ, ಅರ್ಥವಿಲ್ಲದ ಅಕ್ಷರಗಳನ್ನು ಬರೆದ ಫಲಕದಂತೆ.

ಗುಂಡು ಉಬ್ಬುಗಳ ಪಟ್ಟಿಯನ್ನು ಇಳಿಜಾರಿನ ಬುಡದಲ್ಲಿ, ಅದರ ಪೂರ್ತಿ ಅಗಲಕ್ಕೆ, ನಡೆಯುವ ದಿಕ್ಕಿನಲ್ಲಿ ಕನಿಷ್ಠ 600 ಮಿ.ಮೀ. ಆಳಕ್ಕೆ ಹಾಸಬೇಕು. ಇದಕ್ಕಿಂತ ಕಿರಿದಾಗಿದ್ದರೆ ಒಂದು ದೊಡ್ಡ ಹೆಜ್ಜೆಯಲ್ಲಿ ಕಾಲು ಅದನ್ನು ದಾಟಿಬಿಡುತ್ತದೆ. ಸುತ್ತಲಿನ ನೆಲ ತಿಳಿಬಣ್ಣದ್ದಾದರೆ ಪಟ್ಟಿ ಗಾಢಬಣ್ಣದ್ದಾಗಿರಬೇಕು, ನೆಲ ಗಾಢವಾಗಿದ್ದರೆ ಪಟ್ಟಿ ತಿಳಿಯಾಗಿರಬೇಕು. ಹಳದಿ ಬಣ್ಣ ಜನಪ್ರಿಯವಾದರೂ ಹೊಸ ಬಿಳಿ ಕಾಂಕ್ರೀಟಿನ ಮೇಲೆ ಅದು ಮಂದದೃಷ್ಟಿಯವರಿಗೆ ಅಷ್ಟಾಗಿ ಎದ್ದುಕಾಣುವುದಿಲ್ಲ.

ಗೆರೆಪಟ್ಟಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ: ಅವನ್ನು ಪ್ರತಿ ಮಾರ್ಗದ ಉದ್ದಕ್ಕೂ ಹಾಸುವ ಅಗತ್ಯವಿಲ್ಲ. ಒಂದು ಬದಿಗೆ ಅಖಂಡವಾದ ಗೋಡೆಯೋ ಇನ್ನೊಂದು ಬದಿಗೆ ಸ್ಪಷ್ಟವಾದ ಅಂಚುಕಲ್ಲೋ ಇರುವ ನೇರ ಮಾರ್ಗದಲ್ಲಿ ಕೋಲಿನವರು ಆ ಅಂಚನ್ನೇ ಅನುಸರಿಸಿ ನಡೆಯುತ್ತಾರೆ. ಅಲ್ಲಿ ಹಾಸಿದ ಗೆರೆಪಟ್ಟಿಯಿಂದ ಅವರಿಗಾಗುವ ಲಾಭ ಅಲ್ಪ, ಊರುಗೋಲಿನವರಿಗೂ ಗಾಲಿಕುರ್ಚಿಯವರಿಗೂ ಆಗುವ ಕಿರಿಕಿರಿ ನಿತ್ಯದ್ದು. ವಿಶಾಲ ಚೌಕ, ನಿಲ್ದಾಣದ ಅಂಗಳ, ರಸ್ತೆಯ ನಡುಭಾಗದಲ್ಲಿರುವ ದಾಟುವ ಜಾಗಕ್ಕೆ ಮಾರ್ಗದಿಂದ ಕವಲೊಡೆಯುವ ಕಡೆ, ಹೀಗೆ ಹಿಡಿದು ನಡೆಯಲು ಸಹಜವಾದ ಅಂಚಿಲ್ಲದಲ್ಲಿ ಮಾತ್ರ ಗೆರೆಪಟ್ಟಿ ನಿಜಕ್ಕೂ ಬೇಕು. ಹಾಸಿದಲ್ಲಿ ಅದರ ಎರಡೂ ಪಕ್ಕಗಳಲ್ಲಿ ಸುಮಾರು 600 ಮಿ.ಮೀ. ಜಾಗ ಖಾಲಿಯಿರಬೇಕು. ಕಂಬಕ್ಕೆ ಹೋಗಿ ನಿಲ್ಲುವ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತುಂಡಾಗುವ, ಕಾವಲುಗಾರನ ಕುರ್ಚಿಯ ಕೆಳಗೆ ಮರೆಯಾಗುವ ಪಟ್ಟಿಗಿಂತ ಪಟ್ಟಿಯೇ ಇಲ್ಲದ ಮಾರ್ಗ ಹೆಚ್ಚು ಸುರಕ್ಷಿತ, ಏಕೆಂದರೆ ಅದು ಸುಳ್ಳು ಭರವಸೆಯನ್ನಾದರೂ ಕೊಡುವುದಿಲ್ಲ.

ಮಾರ್ಗವೂ ರಸ್ತೆಯೂ ಒಂದೇ ಮಟ್ಟದಲ್ಲಿರುವ ಹಂಚಿಕೆಯ ಬೀದಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಂಥ ಬೀದಿಗಳಲ್ಲಿ ನಡೆಯುವವರೂ ಚಾಲಕರೂ ಕಣ್ಣೋಟದಿಂದಲೇ ಹೊಂದಿಕೊಂಡು ಸಾಗುತ್ತಾರೆ ಎಂಬ ಕಲ್ಪನೆಯಿದೆ. ಕಣ್ಣು ಕಾಣದವರಿಗೆ ಆ ಒಪ್ಪಂದದಲ್ಲಿ ಸ್ಥಾನವೇ ಇಲ್ಲ. ಬ್ರಿಟನ್ ಸರ್ಕಾರ 2018ರಲ್ಲಿ, ಸಮಮಟ್ಟದ ಹೊಸ ಹಂಚಿಕೆ ಬೀದಿಗಳ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿದ್ದು ಈ ಕಾರಣಕ್ಕೇ. ಅಂಚನ್ನು ತಗ್ಗಿಸಲೇಬೇಕೆಂದಿದ್ದರೆ ದಾಟುವ ಜಾಗಗಳ ಹೊರತು ಉಳಿದೆಡೆ ಕನಿಷ್ಠ 60 ಮಿ.ಮೀ. ಎತ್ತರವನ್ನು ಉಳಿಸಿಕೊಳ್ಳಿ, ಅದಕ್ಕಿಂತ ಕಡಿಮೆಯಾದ ಅಂಚನ್ನು ಕೋಲು ಮತ್ತು ಕಾಲು ಖಚಿತವಾಗಿ ಗುರುತಿಸುವುದಿಲ್ಲ.

ಹೆಜ್ಜೆ 6: ದಾಟುವ ಸಮಯವನ್ನು ಲೆಕ್ಕ ಹಾಕಿ

ಸಿಗ್ನಲ್ಲಿನ ಅವಧಿಯನ್ನು ಬಹುಕಾಲ ಸೆಕೆಂಡಿಗೆ 1.2 ಮೀಟರ್ ನಡಿಗೆಯ ವೇಗದ ಮೇಲೆ ಲೆಕ್ಕ ಹಾಕಲಾಗುತ್ತಿತ್ತು. ಅಮೆರಿಕದ ಈಗಿನ ಮಾನದಂಡದಲ್ಲಿ ಅದು 1.07 ಮೀಟರಿಗೆ ಇಳಿದಿದೆ. 14 ಮೀಟರ್ ಅಗಲದ ರಸ್ತೆಗೆ ಮೊದಲ ಲೆಕ್ಕದಲ್ಲಿ ಸುಮಾರು 12 ಸೆಕೆಂಡು, ಎರಡನೆಯದರಲ್ಲಿ 13 ಸೆಕೆಂಡು ಬರುತ್ತದೆ. ಊರುಗೋಲಿನಲ್ಲಿ ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ 17ರಿಂದ 18 ಸೆಕೆಂಡು ಬೇಕು. ಆಸ್ಪತ್ರೆ, ಶಾಲೆ, ವೃದ್ಧರ ವಸತಿಗಳ ಬಳಿ ಈ ಕೊನೆಯ ಲೆಕ್ಕವನ್ನೇ ಹಿಡಿಯುವುದು ನ್ಯಾಯ. ವಾಹನಗಳಿಗೆ ಹಸಿರು ಬರುವುದಕ್ಕಿಂತ 3ರಿಂದ 7 ಸೆಕೆಂಡು ಮೊದಲೇ ಪಾದಚಾರಿಗಳಿಗೆ ಹಸಿರು ಕೊಟ್ಟರೆ, ತಿರುಗುವ ವಾಹನಗಳು ಬರುವ ಹೊತ್ತಿಗೆ ಅವರು ಚಾಲಕರ ಕಣ್ಣೆದುರಿಗೇ ಇರುತ್ತಾರೆ. ಆದರೆ ವಾಹನಗಳ ಸದ್ದನ್ನು ಕೇಳಿ ದಾಟುವ ಅಂಧರಿಗೆ ಈ ಮುಂಗಡ ಹಸಿರು ತಿಳಿಯುವುದೇ ಇಲ್ಲ, ಆದ್ದರಿಂದ ಅದರ ಜೊತೆಗೆ ಸದ್ದು ಮಾಡುವ ಸಿಗ್ನಲ್ ಇರಲೇಬೇಕು.

ಅಂಥ ಸಿಗ್ನಲ್ಲಿನ ಕಂಬದಲ್ಲಿರುವ ಒತ್ತುಗುಂಡಿ ಸೆಕೆಂಡಿಗೊಮ್ಮೆ ಮೆಲ್ಲಗೆ ಸದ್ದು ಮಾಡುತ್ತಾ ತಾನಿರುವ ಜಾಗವನ್ನು ತಿಳಿಸುತ್ತಿರಬೇಕು. ದಾಟುವ ಸಮಯ ಬಂದಾಗ ಸದ್ದು ವೇಗವಾಗಬೇಕು ಮತ್ತು ಗುಂಡಿಯ ಮೇಲಿನ ಉಬ್ಬು ಬಾಣ ಅದುರಬೇಕು. ಕಿವಿಯೂ ಕಣ್ಣೂ ಎರಡೂ ಮಂದವಾಗಿರುವವರಿಗೆ ಆ ಅದುರುವಿಕೆಯೊಂದೇ ಆಧಾರ. ಒಂದು ಮೂಲೆಯ ಎರಡು ದಾಟುಗಳಿಗೆ ಎರಡು ಕಂಬಗಳಿದ್ದು, ಅವುಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು. ಹತ್ತಿರ ಹತ್ತಿರ ಇಟ್ಟರೆ ಯಾವ ಸದ್ದು ಯಾವ ರಸ್ತೆಯದು ಎಂಬ ಗೊಂದಲ ಹುಟ್ಟುತ್ತದೆ, ಮತ್ತು ಇಲ್ಲಿ ಗೊಂದಲವೆಂದರೆ ಕೆಂಪಿನಲ್ಲಿ ರಸ್ತೆಗಿಳಿಯುವುದು. ಗುಂಡಿ ನೆಲದಿಂದ 1ರಿಂದ 1.2 ಮೀಟರ್ ಎತ್ತರದಲ್ಲಿ, ಸಮತಟ್ಟು ಜಾಗದ ಪಕ್ಕದಲ್ಲೇ, ಮುಷ್ಟಿಯಿಂದಲೂ ಒತ್ತಲು ಬರುವಷ್ಟು ದೊಡ್ಡದಾಗಿರಬೇಕು.

ಅಗಲವಾದ ರಸ್ತೆಯ ನಡುವೆ ವಿಭಜಕವಿದ್ದರೆ ದಾಟುವ ಜಾಗದಲ್ಲಿ ಅದನ್ನು ರಸ್ತೆಯ ಮಟ್ಟಕ್ಕೇ ಕತ್ತರಿಸಿ, ನಿಲ್ಲಲು ಕನಿಷ್ಠ 1.8 ಮೀಟರ್ ಆಳದ ಆಸರೆ ಕೊಡಿ. ಅದರ ಎರಡೂ ಅಂಚುಗಳಲ್ಲಿ ಗುಂಡು ಉಬ್ಬುಗಳಿರಲಿ. ದಾಟುವ ಪಟ್ಟಿಯನ್ನೇ ಮಾರ್ಗದ ಮಟ್ಟಕ್ಕೆ ಎತ್ತರಿಸಿ ಕಟ್ಟುವುದು ಇನ್ನೂ ಒಳ್ಳೆಯದು: ಇಳಿಜಾರಿನ ರಗಳೆಯೇ ಇರುವುದಿಲ್ಲ, ವಾಹನಗಳೂ ನಿಧಾನವಾಗುತ್ತವೆ. ಅಂಚು ಪೂರ್ತಿ ಮಾಯವಾಗುವ ಕಾರಣ ಅಲ್ಲಿ ಸ್ಪರ್ಶಪಟ್ಟಿಯನ್ನು ಮಾತ್ರ ಎಂದಿಗೂ ಮರೆಯಬಾರದು.

ಹೆಜ್ಜೆ 7: ಎದೆಯ ಎತ್ತರದ ಅಪಾಯಗಳು, ಕೂರುವ ಜಾಗ, ಬಸ್ ನಿಲ್ದಾಣ

ಬಿಳಿ ಕೋಲು ನೆಲದಿಂದ ಸುಮಾರು 685 ಮಿ.ಮೀ. ಎತ್ತರದವರೆಗಿನ ವಸ್ತುವನ್ನು ಪತ್ತೆಹಚ್ಚಬಲ್ಲದು. ಅಲ್ಲಿಂದ ಮೇಲೆ, ತಲೆಗಿಂತ ಎತ್ತರದವರೆಗೆ, ಅಂದರೆ ಸುಮಾರು 2 ಮೀಟರಿನವರೆಗೆ, ಯಾವುದೂ ಮಾರ್ಗದೊಳಕ್ಕೆ 100 ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡಿರಬಾರದು. ಗೋಡೆಗೆ ನೇತುಹಾಕಿದ ಪೆಟ್ಟಿಗೆಗಳು, ಮೆಟ್ಟಿಲುಗಳ ಓರೆಯಾದ ತಳಭಾಗ, ಕಂಬಕ್ಕೆ ಅಡ್ಡಲಾಗಿ ಕಟ್ಟಿದ ಫಲಕಗಳು ಈ ನಿಯಮವನ್ನು ಮುರಿಯುವ ಸಾಮಾನ್ಯ ವಸ್ತುಗಳು. ಅವನ್ನು ಸರಿಸಲಾಗದಿದ್ದರೆ ಅವುಗಳ ಕೆಳಗೆ ಕೋಲಿಗೆ ತಾಗುವಂಥ ಕಟ್ಟೆಯನ್ನೋ ಅಡ್ಡಪಟ್ಟಿಯನ್ನೋ ಇಡಬೇಕು. ವಾಹನ ತಡೆಯಲು ನೆಡುವ ಗೂಟಗಳ ನಡುವೆ 1.2 ಮೀಟರ್ ಬಿಡಿ. ಅವುಗಳ ನಡುವೆ ಸರಪಳಿ ಮಾತ್ರ ಬೇಡವೇ ಬೇಡ.

ಆಸನಗಳು ಸುಮಾರು 50 ಮೀಟರಿಗೊಂದು ಇದ್ದರೆ ನಡೆದು ದಣಿಯುವವರೂ ಮನೆಯಿಂದ ಹೊರಬರುವ ಧೈರ್ಯ ಮಾಡುತ್ತಾರೆ. ಎದ್ದೇಳಲು ಆಸರೆಯಾಗುವ ತೋಳುಗಳು ಅವಕ್ಕೆ ಇರಲಿ, ಪಕ್ಕದಲ್ಲಿ ಒಂದು ಗಾಲಿಕುರ್ಚಿ ನಿಲ್ಲುವಷ್ಟು ಜಾಗವೂ ಇರಲಿ. ಬಸ್ ನಿಲ್ದಾಣದಲ್ಲಿ ಬಸ್ಸಿನ ಬಾಗಿಲು ತೆರೆಯುವ ಕಡೆ ಅಂಚುಕಲ್ಲಿನಿಂದ ಒಳಕ್ಕೆ 2.4 ಮೀಟರ್, ಅಗಲಕ್ಕೆ 1.5 ಮೀಟರ್ ಸಮತಟ್ಟಾದ ಜಾಗ ಖಾಲಿಯಿರಬೇಕು, ಏಕೆಂದರೆ ಬಸ್ಸಿನಿಂದ ಹಲಗೆ ಇಳಿಸಿದ ಮೇಲೂ ಕುರ್ಚಿ ತಿರುಗಬೇಕು.

ಹೆಜ್ಜೆ 8: ಕಾಮಗಾರಿಯ ವೇಳೆ ಮತ್ತು ಆಮೇಲೆ

ಅಗೆದ ಗುಂಡಿಯ ಸುತ್ತ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಅದು ತಡೆಯಾಗುವುದಿಲ್ಲ. ಕೋಲು ಅದರಡಿ ನುಸುಳುತ್ತದೆ, ಹಿಂದೆಯೇ ಮನುಷ್ಯ. ತಡೆ ಗಟ್ಟಿಯಾಗಿ, ಸಂದಿಲ್ಲದೆ, ಅದರ ಕೆಳಪಟ್ಟಿ ನೆಲಕ್ಕೆ ತೀರ ಹತ್ತಿರವಿರಬೇಕು. ಬದಲಿ ದಾರಿ ಮುಖ್ಯ ಮಾರ್ಗದಷ್ಟೇ ಸುಗಮವಾಗಿರಬೇಕು ಮತ್ತು ಅದನ್ನು ಸೂಚಿಸುವ ಫಲಕ ಗುಂಡಿಯ ಬಳಿಯಲ್ಲಿರದೆ, ಹಿಂದಿನ ದಾಟುವ ಜಾಗದಲ್ಲೇ ಇರಬೇಕು. ಈ ಷರತ್ತುಗಳನ್ನು ಗುತ್ತಿಗೆದಾರರ ಒಪ್ಪಂದದಲ್ಲೇ ಬರೆಯಿರಿ. ಇಳಿಜಾರನ್ನು ಅಳೆಯುವ ಕೆಲಸ ಕಾಂಕ್ರೀಟ್ ಸುರಿಯುವ ಮುನ್ನ, ಅಚ್ಚಿನ ಹಲಗೆಗಳನ್ನು ಕಟ್ಟಿದಾಗಲೇ ನಡೆಯಬೇಕು. ಗಟ್ಟಿಯಾದ ಕಾಂಕ್ರೀಟನ್ನು ಒಡೆಸುವ ಮನಸ್ಸು ಯಾರಿಗೂ ಬರುವುದಿಲ್ಲ.

ಕಟ್ಟಿ ಮುಗಿಸಿದ ಇಳಿಜಾರನ್ನು ಕೆಡಿಸುವ ಮುಖ್ಯ ಶತ್ರು ಡಾಂಬರು. ರಸ್ತೆಗೆ ಹಳೆಯ ಪದರವನ್ನು ಕೆರೆದು ತೆಗೆಯದೆ ಹೊಸ ಪದರ ಹಾಕಿದಾಗಲೆಲ್ಲ ರಸ್ತೆಯ ಮಟ್ಟ ಏರಿ ಇಳಿಜಾರಿನ ಬುಡದಲ್ಲಿ ಎದುರುಮೆಟ್ಟಿಲು ಹುಟ್ಟುತ್ತದೆ. ಆದ್ದರಿಂದ ರಸ್ತೆ ವಿಭಾಗದ ಕಾಮಗಾರಿ ಪಟ್ಟಿಯನ್ನು ವರ್ಷಕ್ಕೊಮ್ಮೆ ಕೇಳಿ ಪಡೆದು, ಡಾಂಬರು ಬೀಳಲಿರುವ ಪ್ರತಿ ಮೂಲೆಯನ್ನೂ ಮುಂಚಿತವಾಗಿ ಗುರುತಿಸಿ, ಅಲ್ಲಿ ಹಳೆಯ ಪದರವನ್ನು ಕೆರೆಯುವುದನ್ನು ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಮೊದಲ ದೊಡ್ಡ ಮಳೆ ನಿಂತು ಅರ್ಧ ಗಂಟೆಯೊಳಗೆ ಎಲ್ಲ ಇಳಿಜಾರುಗಳ ಬುಡವನ್ನೂ ನೋಡಿಬನ್ನಿ. ನೀರು ನಿಂತ ಕಡೆ ಆಮೇಲೆ ಕೆಸರು ನಿಲ್ಲುತ್ತದೆ, ಕೆಸರು ಉಬ್ಬುಗಳ ನಡುವೆ ತುಂಬಿ ಸ್ಪರ್ಶಪಟ್ಟಿಯನ್ನು ಮಾಮೂಲಿ ನೆಲವಾಗಿಸುತ್ತದೆ. ಆ ಮೂಲೆಗಳ ಪಟ್ಟಿಯನ್ನು ಹಿಡಿದು, ಆರು ತಿಂಗಳ ಬಳಿಕ ಮೊದಲ ಸಮೀಕ್ಷೆಗೆ ಬಂದಿದ್ದವರೊಂದಿಗೇ, ಅದೇ ಲೆವೆಲ್ ಮತ್ತು ಅದೇ ಮೂರು ಮರದ ತುಂಡುಗಳೊಂದಿಗೆ ಮತ್ತೊಮ್ಮೆ ನಡೆಯಿರಿ.